ಬಿಗಿಯ ಪ್ರಮಾಣ

ಎತ್ತಿನ ಬಂಡಿಗೆ ಸಡಿಲೇ ಜೀವಾಳ. ಅಚ್ಚಿಗೂ ಗಾಲಿಗೂ ನಡುವೆ ಕೊಂಚ ಎಡೆಯಿದ್ದು, ಅಲ್ಲಿ ಕೀಲೆಣ್ಣೆ ಓಡಾಡುತ್ತಿದ್ದರೆ ಸಾಕು, ಗಾಲಿಯು ಲಡಲಡನೆ ಅಲುಗುತ್ತಲೇ ಊರು ಸೇರುವುದು. ತಿರುಗುವ ವಸ್ತುವು ಸುಖವಾಗಿ ತಿರುಗಬೇಕಾದರೆ ಅದಕ್ಕೆ ಸಡಿಲು ಬೇಕೆಂಬ ನಂಬಿಕೆಯು ಜನರಲ್ಲಿ ಬೇರೂರಿರುವುದಕ್ಕೆ ಇದೇ ಕಾರಣವಾಗಿರಬೇಕು. ಲಾರಿಯ ಹಿಂದಿನ ಅಚ್ಚನ್ನು ಬಿಚ್ಚಿ ನೋಡಿದವರಿಗಾದರೋ ಇದಕ್ಕೆ ವಿರುದ್ಧವಾದ ಧರ್ಮವೊಂದು ಕಾಣಿಸುವುದು.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳ ನೆಲದಲ್ಲಿ ಸುಣ್ಣಗಲ್ಲಿಗೆ ಬರವಿಲ್ಲ. ಶಹಾಬಾದಿನ ಹಾಸುಗಲ್ಲು ದೂರದೂರದ ಮನೆಗಳಿಗೆ ನೆಲಗಟ್ಟಾಗಿದೆ. ವಾಡಿಯಲ್ಲಿ ೧೯೬೮ರಿಂದ ಸಿಮೆಂಟಿನ ಕಾರ್ಖಾನೆಯಿದೆ. ಈ ಕಲ್ಲೂ ಈ ಸಿಮೆಂಟೂ ರೈಲಿನಲ್ಲಿ ಹೋಗುವಷ್ಟು ಹೋಗಿ, ಉಳಿದುದು ಲಾರಿಗಳ ಬೆನ್ನೇರುವುದು. ಮಳೆಗಾಲದ ಎರೆನೆಲದ ಹಾದಿಯಲ್ಲಾಗಲಿ, ಚಿಂಚೋಳಿಯ ಕಾಡುಗುಡ್ಡಗಳ ಏರಿನಲ್ಲಾಗಲಿ, ಎಂಜಿನ್ನಿನ ಬಲವೆಲ್ಲವೂ ಒಂದು ಸಣ್ಣ ಹಲ್ಲುಗಾಲಿಯ ಮೂಲಕವೇ ಹಿಂದಿನ ಚಕ್ರಗಳನ್ನು ಮುಟ್ಟಬೇಕು. ಪಿನಿಯನ್ ಎಂಬುದು ಅದರ ಹೆಸರು. ಅದು ಕ್ರೌನ್ ಎಂಬ ದೊಡ್ಡ ಹಲ್ಲುಗಾಲಿಯನ್ನು ತಿರುಗಿಸುವುದು.

ಪಿನಿಯನ್ನಿನ ದಂಡವನ್ನು ಎರಡು ಬೇರಿಂಗುಗಳು ಹೊತ್ತಿರುವುವು. ಇವುಗಳೊಳಗಿನ ಉರುಳೆಗಳು ಒಂದು ತುದಿಗೆ ಸಣ್ಣಗಾಗುತ್ತ ಬಂದಿರುವುವು. ಅಮೆರಿಕೆಯಲ್ಲಿ ಕುದುರೆಗಾಡಿಗಳನ್ನು ಮಾಡುತ್ತಿದ್ದ ಹೆನ್ರಿ ಟಿಮ್ಕೆನ್ ಎಂಬವನು ೧೮೯೮ರಲ್ಲಿ ಇಂಥ ಬೇರಿಂಗಿಗೆ ಪೇಟೆಂಟು ಪಡೆದನು. ಲಾರಿಯು ಭಾರವನ್ನೆಳೆಯುವಾಗ ಹಲ್ಲುಗಳು ಪಿನಿಯನ್ನನ್ನು ಒಂದು ಕಡೆಗೆ ತಳ್ಳುವುವು; ಇಳಿಜಾರಿನಲ್ಲಿ ಎಂಜಿನ್ನು ಗಾಡಿಯನ್ನು ತಡೆಯುವಾಗ ಮತ್ತೊಂದು ಕಡೆಗೆ. ಎಡೆಯಿದ್ದರೆ ಪಿನಿಯನ್ನು ಹಿಂದುಮುಂದಾಗಿ, ಹಲ್ಲಿಗೆ ಹಲ್ಲು ಕೂಡುವ ಸ್ಥಳವೇ ತಪ್ಪಿ, ತುದಿ ಮುರಿಯುವುದು. ಆದುದರಿಂದ ಭಾರ ಬೀಳುವ ಮೊದಲೇ ಬೇರಿಂಗುಗಳನ್ನು ಕೊಂಚ ಅದುಮಿ ಕೂರಿಸಬೇಕು. ಸಡಿಲು ಸೊನ್ನೆಯಾದರೆ ಸಾಲದು. ಸೊನ್ನೆಯನ್ನು ದಾಟಿ ಬಿಗಿಯಾಗಬೇಕು. ಅತಿಯಾದರೋ ಉರುಳೆಗಳು ಕಾದು ನೀಲಿಗಟ್ಟಿ, ಬೇರಿಂಗೇ ಹಾಳಾಗುವುದು.

ಈ ಬಿಗಿಯನ್ನು ಅಳೆಯುವ ಕ್ರಮವು ಸರಳವಾಗಿದೆ. ಎಣ್ಣೆ ತಡೆಯುವ ಸೀಲನ್ನು ಇನ್ನೂ ಹಾಕಿರಬಾರದು, ಅದರ ತಿಕ್ಕಾಟವು ಲೆಕ್ಕದಲ್ಲಿ ಸೇರಿಬಿಡುವುದು. ಬೇರಿಂಗುಗಳಿಗೆ ಎಣ್ಣೆ ಸವರಿ, ಹಲವು ಸುತ್ತು ತಿರುಗಿಸಿ ಉರುಳೆಗಳನ್ನು ನೆಲೆಗೊಳಿಸಬೇಕು. ಬಳಿಕ ಬೇರಿಂಗಿನ ಹೊರಗವಚಕ್ಕೆ ದಾರ ಸುತ್ತಿ, ಅದರ ತುದಿಗೆ ಸ್ಪ್ರಿಂಗ್ ತಕ್ಕಡಿಯನ್ನು ಸಿಕ್ಕಿಸಿ ಸಮನಾಗಿ ಎಳೆಯಬೇಕು. ಮೊದಲು ಕದಲಿಸುವಾಗ ತೋರಿದ ತೂಕವು ಲೆಕ್ಕಕ್ಕಿಲ್ಲ. ತಿರುಗುತ್ತಿರುವಾಗ ತೋರುವುದೇ ಪ್ರಮಾಣ. ಕವಚದ ತ್ರಿಜ್ಯ ೮ ಸೆಂಟಿಮೀಟರು, ತಕ್ಕಡಿಯಲ್ಲಿ ೨ ಕಿಲೋ ಎಂದರೆ ಬಿಗಿಯು ೧೬ ಕಿಲೋ-ಸೆಂಟಿಮೀಟರು. ಎಷ್ಟಿರಬೇಕೆಂಬುದನ್ನು ಆಯಾ ಅಚ್ಚಿನ ಕೈಪಿಡಿಯು ಹೇಳುವುದು.

ಶಹಾಬಾದಿಗೂ ವಾಡಿಗೂ ನಡುವಿನ ಗ್ಯಾರೇಜೊಂದರಲ್ಲಿ ಹೀಗೆ ಅಳೆದಾಗ, ತಕ್ಕಡಿಯು ಪುಸ್ತಕದಲ್ಲಿದ್ದುದರ ಇಮ್ಮಡಿ ತೋರಿಸಿತು. ಹೊತ್ತು ಇಳಿಯುತ್ತಿತ್ತು. ಲಾರಿಯ ಮಾಲಿಕನು ಬಾಗಿಲಲ್ಲೇ ನಿಂತಿದ್ದನು.

"ಉಸ್ತಾದ್, ನಟ್ಟು ಅರ್ಧ ಸುತ್ತು ಸಡಿಲ ಮಾಡ್ರಿ, ಮುಗೀತದ. ಕಂತಿನ ದಿನ ಹತ್ರ ಬಂದದ, ಗಾಡಿ ರಾತ್ರಿಗೇ ಹೋಗ್ಬೇಕು."

"ಸಾವ್ಕಾರ್ರೆ, ತಕ್ಕಡಿ ಸುಮ್ಮನಾಗ್ತದ, ನಟ್ಟು ಸುಮ್ಮನಿರಲ್ಲ."

ಆ ಮಾತಿನ ಅರ್ಥವು ಇಷ್ಟು: ನಟ್ಟಿನ ಬಿಗಿ ಬೇರೆ, ಬೇರಿಂಗಿನ ಬಿಗಿ ಬೇರೆ. ಇಂಥ ಅಚ್ಚಿನಲ್ಲಿ ನಟ್ಟು ಯಾವಾಗಲೂ ಪೂರ್ಣ ಬಿಗಿಯಾಗಿಯೇ ಇರಬೇಕು. ಬೇರಿಂಗಿನ ಬಿಗಿಯನ್ನು ತೀರ್ಮಾನಿಸುವುದು ಎರಡು ಬೇರಿಂಗುಗಳ ನಡುವೆ ಕುಳಿತ ಉಕ್ಕಿನ ಬಳೆ. ಅದು ತೆಳುವಾದಷ್ಟು ಬಿಗಿ ಹೆಚ್ಚು, ದಪ್ಪವಾದಷ್ಟು ಕಡಿಮೆ. ವ್ಯತ್ಯಾಸವಾದರೋ ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲು. ನಟ್ಟನ್ನು ಸಡಿಲಿಸಿದರೆ ತಕ್ಕಡಿಯು ಒಪ್ಪುವುದು ನಿಜ. ಆದರೆ ನಟ್ಟು ದಿನದಿನಕ್ಕೂ ಬಿಚ್ಚುತ್ತ ಹೋಗಿ, ಹೊರೆ ಹೊತ್ತ ಲಾರಿಯು ಯಾವುದೋ ಏರಿನಲ್ಲಿ ನಡುರಾತ್ರಿ ನಿಲ್ಲುವುದು.

ಉಸ್ತಾದನು ಎಲ್ಲವನ್ನೂ ಮತ್ತೆ ಬಿಚ್ಚಿದನು. ಬಳೆಯನ್ನು ಅಳೆದು, ಕೊಂಚ ದಪ್ಪನೆಯದನ್ನು ಹಾಕಿ, ನಟ್ಟನ್ನು ಮೊದಲಿನಂತೆಯೇ ಬಿಗಿದು, ಪುನಃ ದಾರ ಸುತ್ತಿದನು. ಲಾರಿಯು ಹೊರಟುದು ಮರುದಿನ. ಒಂದು ರಾತ್ರಿಯ ಬಾಡಿಗೆ ಹೋಯಿತು. ಕಂತು ಕಟ್ಟುವವನಿಗೆ ಅದು ಸಣ್ಣ ನಷ್ಟವಲ್ಲ. ಅದರ ಬದಲಿಗೆ ಉಳಿದುದೇನೆಂಬುದನ್ನು ಕಣ್ಣಿಗೆ ತೋರಿಸುವ ಬಗೆಯಿಲ್ಲ. ಸರಿಯಾಗಿ ಕುಳಿತ ಬೇರಿಂಗು ಸದ್ದು ಮಾಡದು. ಗುಡ್ಡವೇರುತ್ತಿರುವ ಚಾಲಕನಿಗೆ ಅದರ ನೆನಪೂ ಬಾರದು. ಮುರಿದ ಹಲ್ಲನ್ನು ಎಲ್ಲರೂ ಕಾಣುವರು. ಮುರಿಯದೆ ಉಳಿದುದನ್ನು ಬಲ್ಲವನು ಬಳೆಯನ್ನು ಅಳೆದವನೊಬ್ಬನೇ.