ದೇವತೆಗಳಿಗೆ ಬರೆದ ಓಲೆ

ಚೀನ ದೇಶದ ಹೆನಾನ್ ಪ್ರಾಂತದಲ್ಲಿ, ಡೆಂಗ್‌ಫೆಂಗ್ ಪಟ್ಟಣದ ಬೆನ್ನಿಗೆ ಸುಂಗ್ ಪರ್ವತವು ನಿಂತಿದೆ. ಚೀನೀಯರ ಐದು ಪವಿತ್ರ ಪರ್ವತಗಳಲ್ಲಿ ನಡುವಿನದು ಇದೇ. ಬೌದ್ಧರ ಶಾವೊಲಿನ್ ವಿಹಾರ ಒಂದು ಮಗ್ಗುಲಿನಲ್ಲಿದ್ದರೆ, ತಾವೊ ಮತದವರ ವಿಶಾಲವಾದ ದೇವಾಲಯ ಇನ್ನೊಂದು ತಪ್ಪಲಿನಲ್ಲಿದೆ. ಭಕ್ತರು ಅಂಗಳದಲ್ಲಿ ಧೂಪ ಹಚ್ಚಿ, ಮುದಿ ಮರಗಳ ನೆರಳಿನಲ್ಲಿ ಕ್ಷಣಕಾಲ ದಣಿವಾರಿಸಿಕೊಂಡು ಬೆಟ್ಟದ ಕಡೆಗೆ ಮುಖ ಮಾಡುತ್ತಾರೆ.

1907ರಲ್ಲಿ ಈ ತಪ್ಪಲಿಗೆ ಫ್ರೆಂಚ್ ವಿದ್ವಾಂಸರೊಬ್ಬರು ಬಂದರು. ಹೆಸರು ಎದುವಾರ್ ಶಾವಾನ್. ಮೂವತ್ತು ತುಂಬುವ ಮೊದಲೇ, 1893ರಲ್ಲಿ, ಪ್ಯಾರಿಸ್ಸಿನ ಕಾಲೇಜ್ ದ ಫ್ರಾನ್ಸ್‌ನಲ್ಲಿ ಚೀನೀ ವಿದ್ಯೆಯ ಪೀಠವನ್ನೇರಿದವರು. ನಮ್ಮ ಬುದ್ಧಗಯೆಯ ಚೀನೀ ಶಾಸನಗಳನ್ನು ಕುರಿತು 1896ರಲ್ಲಿ ಬರೆದವರೂ ಇವರೇ. ಗ್ರಂಥಗಳ ನಡುವೆಯೇ ಆಯುಷ್ಯ ಕಳೆಯಬಹುದಾಗಿದ್ದ ಈ ಪಂಡಿತರು, ಕ್ಯಾಮೆರಾ ಕಟ್ಟಿಸಿಕೊಂಡು ಉತ್ತರ ಚೀನದ ಧೂಳಿನ ದಾರಿಗಳಲ್ಲಿ ತಿಂಗಳುಗಟ್ಟಲೆ ಅಲೆದರು. ಡೆಂಗ್‌ಫೆಂಗಿನ ಬಳಿ ಹಾನ್ ಅರಸರ ಕಾಲದ ಕಲ್ಲುಗಂಬಗಳ ಚಿತ್ರ ತೆಗೆದರು. ಶಾಸನಗಳ ಪಡಿಯಚ್ಚುಗಳನ್ನು ಸಂಗ್ರಹಿಸಿದರು. ಒದ್ದೆ ಕಾಗದವನ್ನು ಕಲ್ಲಿಗೆ ಒತ್ತಿ, ಮೇಲೆ ಮಸಿ ತಟ್ಟಿದರೆ ಸಾವಿರ ವರ್ಷದ ಅಕ್ಷರಗಳು ಬೆಳ್ಳಗೆ ಎದ್ದು ನಿಲ್ಲುತ್ತವೆ. ಚೀನೀಯರಿಗೆ ಅದು ಹಳೆಯ ವಿದ್ಯೆ.

ಅವರನ್ನು ಕಾಡಿದ ವಿಷಯಗಳಲ್ಲಿ ತಾವೊ ಮತದ ಒಂದು ವಿಚಿತ್ರ ವಿಧಿಯೂ ಇತ್ತು. ಅರಸರು ತಮ್ಮ ಪ್ರಾರ್ಥನೆಯನ್ನು ಲೋಹದ ಅಥವಾ ಕಲ್ಲಿನ ಫಲಕದ ಮೇಲೆ ಕೆತ್ತಿಸುತ್ತಿದ್ದರು. ಅದರೊಡನೆ ಪುಟ್ಟದೊಂದು ಚಿನ್ನದ ಡ್ರ್ಯಾಗನ್ನನ್ನು ಸೇರಿಸಿ ಗುಹೆಗೋ ಸರೋವರಕ್ಕೋ ಎಸೆಯಿಸುತ್ತಿದ್ದರು. ಓಲೆಯನ್ನು ದೇವತೆಗಳಿಗೆ ಮುಟ್ಟಿಸುವ ಅಂಚೆಯವನು ಆ ಡ್ರ್ಯಾಗನ್. ಇತಿಹಾಸಕಾರನ ಪೇಚಾಟ ಇಲ್ಲಿಯೇ ಇದೆ: ಮನುಷ್ಯರ ಕಣ್ಣಿಗೆ ಬೀಳಬಾರದೆಂದೇ ಮಾಡಿದ ವಸ್ತುವನ್ನು ಅವನು ಎಲ್ಲಿ ಹುಡುಕಬೇಕು? ಇಂತಿಂಥ ದಿನ ಇಂಥ ಬೆಟ್ಟದಲ್ಲಿ ವಿಧಿ ನಡೆಯಿತೆಂಬ ಶಿಲಾಲೇಖಗಳು, ಮತಗ್ರಂಥಗಳ ವಿವರಣೆಗಳು, ಅಪರೂಪಕ್ಕೆ ಕೈಸೇರಿದ ಒಂದೆರಡು ಫಲಕಗಳು, ಇವೇ ಆಧಾರ. ಶಾವಾನರು ಇವನ್ನೆಲ್ಲ ಹೆಣೆದು ದೀರ್ಘವಾದ ಪ್ರಬಂಧವೊಂದನ್ನು ಸಿದ್ಧಪಡಿಸಿದರು. ಅಚ್ಚಾದುದನ್ನು ಕಾಣುವ ಭಾಗ್ಯ ಮಾತ್ರ ಅವರಿಗಿರಲಿಲ್ಲ. 1918ರ ಜನವರಿಯಲ್ಲಿ, ಐವತ್ತೆರಡನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಪ್ರಬಂಧ ಹೊರಬಂದದ್ದು 1919ರಲ್ಲಿ.

1982ರಲ್ಲಿ ಸುಂಗ್ ಪರ್ವತದ ಒಂದು ಶಿಖರದ ಮೇಲೆ, ಬಂಡೆಗಳ ಸಂದಿನಲ್ಲಿ, ಸ್ಥಳೀಯ ರೈತನೊಬ್ಬನಿಗೆ ಹೊಳೆಯುವ ತಗಡೊಂದು ಸಿಕ್ಕಿತು. ಅಪ್ಪಟ ಚಿನ್ನ. ಉದ್ದ 36 ಸೆಂಟಿಮೀಟರ್, ಅಗಲ 8, ತೂಕ ಸುಮಾರು 223 ಗ್ರಾಂ. ಅದರ ಮೇಲೆ 63 ಅಕ್ಷರಗಳು.

ಅದು ವೂ ಚಕ್ರವರ್ತಿನಿಯ ಓಲೆ. ಚೀನದ ಇತಿಹಾಸದಲ್ಲಿ ಸ್ವಂತ ಹೆಸರಿನಲ್ಲಿ ಸಿಂಹಾಸನವೇರಿ ಆಳಿದ ಹೆಂಗಸು ಆಕೆಯೊಬ್ಬಳೇ. ಸಿಂಹಾಸನದ ದಾರಿಯಲ್ಲಿ ಎಷ್ಟೋ ಜನರ ರಕ್ತ ಹರಿಸಿದಳೆಂಬ ಅಪಕೀರ್ತಿಯೂ ಆಕೆಗಿದೆ. 700ನೆಯ ಇಸವಿಯ ಏಳನೆಯ ತಿಂಗಳ ಏಳನೆಯ ದಿನ, ಎಪ್ಪತ್ತು ದಾಟಿದ ಆ ಮುದುಕಿ, ಪಾಪಿಗಳ ಪಟ್ಟಿಯಿಂದ ತನ್ನ ಹೆಸರನ್ನು ಅಳಿಸಿಬಿಡಬೇಕೆಂದು ದೇವತೆಗಳಲ್ಲಿ ಬೇಡಿಕೊಂಡಿದ್ದಾಳೆ. ಆ ಹೆಸರನ್ನು ಬರೆಯಲು ಬಳಸಿದ ಅಕ್ಷರ ಆಕೆಯ ಆಳ್ವಿಕೆಯಲ್ಲೇ ಹೊಸದಾಗಿ ರೂಪುಗೊಂಡದ್ದು: ಸೂರ್ಯ, ಚಂದ್ರ ಇಬ್ಬರೂ ಆಕಾಶದ ಮೇಲೆ ನಿಂತಿರುವಂಥದು. ಬಿನ್ನಹದಲ್ಲಿಯೂ ದರ್ಪ ಬಿಟ್ಟಿಲ್ಲವೆನ್ನಬೇಕು! ಐದು ವರ್ಷಗಳ ತರುವಾಯ ಸಿಂಹಾಸನವೂ ಹೋಯಿತು, ಪ್ರಾಣವೂ ಹೋಯಿತು.

ಶಾವಾನರು ತಪ್ಪಲಿನಲ್ಲಿ ಕ್ಯಾಮೆರಾ ನಿಲ್ಲಿಸಿಕೊಂಡಿದ್ದಾಗ ಈ ಓಲೆ ಮೇಲೆ ಬಂಡೆಗಳ ನಡುವೆಯೇ ಇತ್ತು. ಈಗ ಅದು ಝೆಂಗ್‌ಝೌ ನಗರದಲ್ಲಿರುವ ಹೆನಾನ್ ವಸ್ತುಸಂಗ್ರಹಾಲಯದ ಸೊತ್ತು. ಚಕ್ರವರ್ತಿನಿಯ ಬಿನ್ನಹ ಮುಗಿದ ಮೇಲೆ, ಕೊನೆಗೆ, ಇನ್ನೊಂದು ಹೆಸರು ಕಾಣುತ್ತದೆ: ಹೂ ಚಾವೊ. ಓಲೆಯನ್ನು ಒಪ್ಪಿಸಲು ಆಕೆ ನೇಮಿಸಿದ್ದ ದೂತ ಅವನು.