ಮೆಂತ್ಯದ ಡಬ್ಬಿಯಲ್ಲಿ ಸಿಕ್ಕ ಮಾತ್ರೆಗಳು

ಸೋದರಿಯರೇ, ಇದು ಅಡಿಗೆಯ ವಿಷಯವಲ್ಲ. ಆದರೆ ಶುರುವಾದದ್ದು ಅಡಿಗೆಮನೆಯಲ್ಲೇ.

ನಮ್ಮಕ್ಕನಿಗೆ ಎದೆಯಲ್ಲಿ ಗಂಟಾಗಿ ಆಪರೇಷನ್ ಆಯಿತು. ಆಮೇಲೆ ದಿನಕ್ಕೊಂದು ಟಮಾಕ್ಸಿಫೆನ್ ಮಾತ್ರೆಯನ್ನು 5 ವರ್ಷ ಬಿಡದೆ ನುಂಗಬೇಕೆಂದು ಡಾಕ್ಟರಮ್ಮ ಹೇಳಿದ್ದರು. ಎರಡನೇ ವರ್ಷದ ದೀಪಾವಳಿಗೆ ಅಕ್ಕನ ಮನೆಗೆ ಹೋದವಳು ಮೆಂತ್ಯಕ್ಕೆಂದು ಡಬ್ಬಿ ತೆಗೆದರೆ, ಒಳಗೆಲ್ಲ ಒಡೆಯದ ಮಾತ್ರೆ ಶೀಟುಗಳು!

"ಏನಕ್ಕಾ ಇದು?" ಅಂದೆ.

"ಅದನ್ನ ನುಂಗಿದರೆ ಮೈಯೆಲ್ಲ ಬಿಸಿಯೇರಿ ಬೆವರು ಕಿತ್ಕೊಂಡು ಬರುತ್ತೆ ಕಣೇ. ಗಂಟು ತೆಗೆದಾಯ್ತು, ಇನ್ನು ನಿನಗೇನೂ ಇಲ್ಲ ಅಂತ ನೀನೇ ಅಂದಿದ್ದೆಯಲ್ಲ?"

ನಿಜ. ಸಮಾಧಾನಕ್ಕೆಂದು ನಾನೇ ಹಾಗಂದಿದ್ದೆ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಹಬ್ಬ ಮುಗಿದ ಮೇಲೆ ಇಬ್ಬರೂ ಹೋಗಿ ಡಾಕ್ಟರಮ್ಮನನ್ನು ಕಂಡೆವು. ಅವರು ಬೈಯಲಿಲ್ಲ, ಬಿಡಿಸಿ ಹೇಳಿದರು. ಈಸ್ಟ್ರೋಜನ್ ಎಂಬ ಹಾರ್ಮೋನು ರಕ್ತದಲ್ಲಿ ಸಾಗಿ ಜೀವಕೋಶಗಳಿಗೆ ಸುದ್ದಿ ಮುಟ್ಟಿಸುತ್ತದೆ. ಕೆಲವು ಕ್ಯಾನ್ಸರ್ ಕೋಶಗಳಲ್ಲಿ ಅದಕ್ಕೆಂದೇ ಬೀಗವಿರುತ್ತದೆ, ಹಾರ್ಮೋನೇ ಅದರ ಕೀಲಿಕೈ. ಬೀಗ ತಿರುಗಿತೆಂದರೆ ಒಂದು ಕೋಶ ಎರಡಾಗುತ್ತದೆ. ಕೋಶದೊಳಗಿನ ಎಳೆಗಳು ಜೋಡಣೆ ಬದಲಿಸಿ, ಅದು ಪುಟ್ಟ ಕಾಲು ಚಾಚಿದಂತೆ ಜಾಗ ಬಿಟ್ಟು ಸರಿಯುವುದನ್ನೂ ಪ್ರಯೋಗಾಲಯದಲ್ಲಿ ಕಂಡಿದ್ದಾರೆ. ಹೀಗೆ ಎದೆಯಿಂದ ಹೊರಟ ಕೋಶ ಕಂಕುಳಿನಲ್ಲೋ ಮೂಳೆಯಲ್ಲೋ ಶ್ವಾಸಕೋಶದಲ್ಲೋ ಬೇರೂರಬಹುದು.

"ಆಪರೇಷನ್ನಿಗೆ ಮುಂಚೆಯೇ ನಾಲ್ಕು ಕೋಶ ಹೊರಟುಹೋಗಿದ್ದರೆ ಅವು ನಮ್ಮ ಕಣ್ಣಿಗೆ ಬೀಳೋದಿಲ್ಲಮ್ಮ. ಈ ಮಾತ್ರೆ ಬೀಗದೊಳಗೆ ತಾನೇ ಹೋಗಿ ಕೂತು, ಕೀಲಿಕೈಗೆ ಜಾಗ ಕೊಡೋದಿಲ್ಲ" ಎಂದರು.

ಹಾರ್ಮೋನಿಗೂ ಈ ರೋಗಕ್ಕೂ ಇರುವ ನಂಟು ಹಳೆಯದು. ಹಸುವಿನ ಅಂಡಾಶಯ ತೆಗೆದರೆ ಅದು ಹೆಚ್ಚು ಕಾಲ ಹಾಲು ಕೊಡುತ್ತದೆಂದು ಕೇಳಿದ್ದ ಗ್ಲಾಸ್ಗೋದ ಶಸ್ತ್ರವೈದ್ಯ ಜಾರ್ಜ್ ಬೀಟ್ಸನ್, ಎಲ್ಲಿಯ ಅಂಡಾಶಯ, ಎಲ್ಲಿಯ ಕೆಚ್ಚಲು ಎಂದು ಯೋಚಿಸಿದರು. ಅಂಡಾಶಯ ತೆಗೆದ ಮೇಲೆ ರೋಗಿಯ ಸ್ತನದ ಗಡ್ಡೆ ಕರಗಿದ್ದನ್ನು 1896ರಲ್ಲಿ ಪ್ರಕಟಿಸಿದರು. ಇಂದು ಬಹಳ ಮಂದಿಗೆ ಮಾತ್ರೆಯೇ ಸಾಕು. ಬೀಗವಿರುವ ಬಗೆಯ ಕ್ಯಾನ್ಸರಿನಲ್ಲಿ 5 ವರ್ಷ ಟಮಾಕ್ಸಿಫೆನ್ ತೆಗೆದುಕೊಂಡರೆ, 15 ವರ್ಷಗಳ ಲೆಕ್ಕದಲ್ಲಿ ಆ ರೋಗದ ಸಾವು ಸುಮಾರು ಮೂರನೇ ಒಂದು ಪಾಲು ತಗ್ಗುತ್ತದೆ.

ಎಲ್ಲ ಸ್ತನ ಕ್ಯಾನ್ಸರೂ ಹೀಗಲ್ಲ. ತೆಗೆದ ಗಂಟಿನ ಪರೀಕ್ಷೆಯ ವರದಿಯಲ್ಲಿ 'ಇ.ಆರ್.' ಎಂಬ ಸಾಲಿರುತ್ತದೆ, ಅದೇ ಬೀಗದ ಲೆಕ್ಕ. ನಿಮ್ಮ ಮನೆಯಲ್ಲಿ ಯಾರಿಗಾದರೂ ಆಗಿದ್ದರೆ ಅದನ್ನು ಕೇಳಿ ತಿಳಿದುಕೊಳ್ಳಿ. ಮಾತ್ರೆಯಿಂದ ಬಿಸಿಯೇರಿದರೆ ಡಾಕ್ಟರಿಗೆ ಹೇಳಿ, ಅದಕ್ಕೂ ಉಪಾಯವುಂಟು. ಮುಟ್ಟು ನಿಂತವರಿಗೆ ಮತ್ತೆ ರಕ್ತ ಕಂಡರೆ, ಕಾಲು ಊದಿ ನೋವಾದರೆ ಅಂದೇ ತೋರಿಸಿ. ನೀವಾಗಿ ನಿಲ್ಲಿಸಿ ಡಬ್ಬಿಯಲ್ಲಿ ಬಚ್ಚಿಡಬೇಡಿ. ನನ್ನಂಥ ತಂಗಿಯರು ತಿಳಿಯದೆ ಸಮಾಧಾನ ಹೇಳಲೂ ಬೇಡಿ.

ಅಕ್ಕ ಮಾತ್ರೆ ಬಿಟ್ಟಿದ್ದ ಏಳು ತಿಂಗಳಲ್ಲಿ ಒಳಗೆ ಏನು ನಡೆಯಿತೋ ಯಾರೂ ಹೇಳಲಾರರು. ಈಗ ಶೀಟು ಕಾಫಿಪುಡಿ ಡಬ್ಬಿಯ ಪಕ್ಕದಲ್ಲಿದೆ. ದಿನಾ ಬೆಳಿಗ್ಗೆ ಫೋನು ಮಾಡಿ "ನುಂಗಿದೆಯಾ?" ಅಂತೀನಿ.

"ನುಂಗಿದೆ ಕಣೇ. ಕಾಫಿ ಆರ್ತಿದೆ, ಇಡು ಫೋನು" ಅಂತಾಳೆ.