ಕ್ರೋಕ್ ಮದಾಮ್‌ಗೆ ದಮ್

ಪ್ಯಾರಿಸಿನ ಕಾಫಿ ಅಂಗಡಿಗಳಲ್ಲಿ 'ಕ್ರೋಕ್ ಮೊಸ್ಯೂ' ಎಂಬ ತಿಂಡಿಯೊಂದಿದೆ. ಬ್ರೆಡ್ಡಿನ ನಡುವೆ ಹಂದಿಯ ಹ್ಯಾಮ್ ಮತ್ತು ಚೀಸ್, ಮೇಲೆ ಬಿಳಿ ಸಾಸ್, ಅದರ ಮೇಲೆ ಮತ್ತೆ ಚೀಸ್. ಕೆಂಪಗೆ ಸುಟ್ಟು ಕೊಡುತ್ತಾರೆ. ತಲೆಯ ಮೇಲೊಂದು ಮೊಟ್ಟೆ ಕೂತರೆ ಮೊಸ್ಯೂ ಹೋಗಿ ಮದಾಮ್ ಆಗುತ್ತದೆ. ಮಾರ್ಸೆಲ್ ಪ್ರೂಸ್ತ್‌ನ 1919ರ ಕಾದಂಬರಿಯಲ್ಲೇ ಮೊಸ್ಯೂವಿನ ಹೆಸರು ಬಂದಿದೆ.

ಚಳ್ಳಕೆರೆಯ ನಮ್ಮ ಮನೆಗೆ ಅದರ ಸುದ್ದಿ ತಂದವರು ಮೊಳಕಾಲ್ಮೂರಿನ ಆಪಾ. ರೇಷ್ಮೆ ಸೀರೆ ನೇಯುವ ಮನೆಯವರು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗ ಅವರನ್ನು ಪ್ರೀತಿಯಿಂದ ಹೋಟೆಲೊಂದಕ್ಕೆ ಕರೆದೊಯ್ದು ಇದನ್ನು ತರಿಸಿದ್ದ. "ಇದಕ್ಕೆ ಹಾಕಿರುವುದು ಚಿಕನ್ ಅಮ್ಮಿ" ಎಂದರೂ, ಹೆಂಚು ಅದೇ ಅಲ್ಲವೇ ಎಂದು ಆಪಾ ಟೀ ಮಾತ್ರ ಕುಡಿದು ಎದ್ದರು. ಅಂದಿನಿಂದ ಹುಡುಗ ಫೋನಿನಲ್ಲಿ ಊಟದ ಮಾತೆತ್ತುವುದನ್ನೇ ಬಿಟ್ಟನಂತೆ. ಆಪಾರನ್ನು ಚುಚ್ಚುತ್ತಿದ್ದುದು ಅದು. ಹಾಗಾದರೆ ನಾವೇ ಮಾಡೋಣ ಎಂದೆವು.

ಮೊದಲ ತಕರಾರು ಚೀಸಿನದು. ಫ್ರೆಂಚರು ಬಳಸುವ ಗ್ರುಯೇರ್ ಚೀಸಿಗೆ ಹಾಲು ಒಡೆಯುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಯಾವ ಕರು, ಯಾರು ಕೊಯ್ದದ್ದು ಎಂದು ಆಪಾ ಕೇಳದೆ ಬಿಡುವವರಲ್ಲ. ನಮ್ಮಲ್ಲಿ ಸಿಗುವ ಅಮುಲ್ ಚೀಸಿನಲ್ಲಿ ಸೂಕ್ಷ್ಮಜೀವಿಗಳಿಂದ ಪಡೆದ ರೆನೆಟ್ ಇರುತ್ತದೆ. ಡಬ್ಬಿಯ ಮೇಲಿನ ಹಸಿರು ಚುಕ್ಕೆ ತೋರಿಸಿದೆವು. ಒಪ್ಪಿದರು.

ಇನ್ನು ಹ್ಯಾಮ್. ನಮ್ಮ ಪ್ರಕಾರ ಅದು ಕೊಡುವುದು ಎರಡೇ: ಉಪ್ಪು ಮತ್ತು ಹೊಗೆ. ಬೆಳ್ಳುಳ್ಳಿ, ಕಾಳುಮೆಣಸು ಹಾಕಿ ಖೀಮಾವನ್ನು ನೀರು ಆರುವವರೆಗೆ ಹುರಿದೆವು. ನಡುವೆ ಪುಟ್ಟ ಬಟ್ಟಲಿಟ್ಟು, ಅದರಲ್ಲಿ ಉರಿಯುವ ಕೆಂಡ, ಕೆಂಡದ ಮೇಲೆ ನಾಲ್ಕು ಹನಿ ತುಪ್ಪ ಹಾಕಿ ಮುಚ್ಚಿದೆವು. ಐದು ನಿಮಿಷದ ಧುಂಗಾರ್. ಇದನ್ನು ಯಾವ ಫ್ರೆಂಚ್ ಬಾಣಸಿಗನೂ ನಮಗೆ ಕಲಿಸಬೇಕಿಲ್ಲ.

ಬಿಳಿ ಸಾಸಿಗೆ ಎರಡು ಚಮಚ ಬೆಣ್ಣೆ, ಎರಡು ಚಮಚ ಮೈದಾ, ಒಂದು ಲೋಟ ಹಾಲು. ಮೈದಾದ ಹಸಿವಾಸನೆ ಹೋಗಬೇಕು, ಬಣ್ಣ ತಿರುಗಬಾರದು. ಆಮೇಲೆ ಗಂಟಾಗದಂತೆ ಸ್ವಲ್ಪ ಸ್ವಲ್ಪವೇ ಹಾಲು. ಉಪ್ಪು, ಚಿಟಿಕೆ ಜಾಯಿಕಾಯಿ. ಬ್ರೆಡ್ಡನ್ನು ಮೊದಲೇ ಕಾಯಿಸಿಕೊಳ್ಳದಿದ್ದರೆ ಎಲ್ಲವೂ ಮೆತ್ತಗಾಗುತ್ತದೆ.

ಓವನ್ ನಮ್ಮಲ್ಲಿಲ್ಲ. ಚೀಸ್ ಕೆಂಪಾಗಲು ಶಾಖ ಮೇಲಿನಿಂದ ಬರಬೇಕು. ಬಿರಿಯಾನಿಗೆ ದಮ್ ಕೊಡುವ ಮನೆಯಲ್ಲಿ ಅದೇನು ದೊಡ್ಡ ಮಾತು? ಅಗಲವಾದ ಪಾತ್ರೆಯಲ್ಲಿ ಜೋಡಿಸಿ, ಕೆಳಗೆ ಸಣ್ಣ ಉರಿ, ಕಬ್ಬಿಣದ ಮುಚ್ಚಳದ ಮೇಲೆ ಕೆಂಡ. ಹತ್ತು ನಿಮಿಷಕ್ಕೆ ಚೀಸ್ ಕರಗಿ ಅಲ್ಲಲ್ಲಿ ಕಂದುಗಟ್ಟಿತು.

ಮೊಟ್ಟೆಯನ್ನು ಮಾತ್ರ ಬೆಣ್ಣೆಯಲ್ಲಿ ಕರಿಯಲಿಲ್ಲ. ಎಣ್ಣೆ ಗಿರಣಿಗಳಿಂದ ಹೆಸರಾದ ಊರು ಇದು. ಹಲವು ಗಿರಣಿ ಮುಚ್ಚಿದರೂ ನಾಲಿಗೆ ಕಡಲೆಕಾಯಿ ಎಣ್ಣೆಯನ್ನು ಬಿಟ್ಟಿಲ್ಲ. ಅಂಚು ಗರಿಗರಿ, ನಡುವಿನ ಹಳದಿ ಇನ್ನೂ ಹರಿಯುವಂತಿರಬೇಕು.

ಆಪಾ ಕೈಯಿಂದ ಮುಟ್ಟದೆ ಚಮಚ ಕೇಳಿದರು. ಜಿಡ್ಡಿನ ಬೆರಳು ರೇಷ್ಮೆಗೆ ಆಗದು ಎಂಬ ಹುಷಾರು ಮಗ್ಗ ದೂರವಿದ್ದಾಗಲೂ ಹೋಗುವುದಿಲ್ಲ. ಹಳದಿ ಒಡೆದು ಖೀಮಾದ ಮೇಲೆ ಹರಿಯಿತು. ಒಂದನ್ನು ಮಾತಿಲ್ಲದೆ ಮುಗಿಸಿ, "ಇದಕ್ಕೆ ಅವನು ಅಲ್ಲಿ ಎಷ್ಟು ಕೊಡುತ್ತಾನೋ!" ಎಂದರು.

ಮರುದಿನ ಬೆಳಗಿನ ಬಸ್ಸಿಗೆ ಹೊರಡುವಾಗ ಅವರ ಚೀಲದಲ್ಲಿ ಒಂದು ಡಬ್ಬಿ ಚೀಸ್ ಇತ್ತು. ಮುಂದಿನ ರಜೆಗೆ ಮಗ ಬರುತ್ತಾನಂತೆ.